ಮೂವರಿಗೂ ಒಂದೇ ನಂಬರು

ಮೊಮ್ಮಗಳು ಪಾಸಾದಳು! ಇವತ್ತು ಮಧ್ಯಾಹ್ನ ಫೋನು ಬಂತು. ಅವಳೊಬ್ಬಳೇ ಅಲ್ಲ, ಅವಳ ಗ್ರೂಪಿನ ಮೂವರೂ ಪಾಸು. ನಾಲ್ಕನೆಯ ತರಗತಿಗೆ ಪಾಟಿ ಕೆಳಗಿಟ್ಟು ಕರಣಿ ಹಿಡಿದ, ಗೋಡೆ ಕಟ್ಟುವ ಗೌಂಡಿ ನಾನು. ನನ್ನ ಮನೆಯ ಹುಡುಗಿ ಎಂ.ಎ. ಮುಗಿಸಿದಳು ಎಂಬ ಸುದ್ದಿಯನ್ನು ಯಾರಿಗೆ ಹೇಳಲಿ, ಎಷ್ಟು ಸಲ ಹೇಳಲಿ ತಿಳಿಯದೆ ಕಮಲಾಪುರದ ಬಸ್ ಸ್ಟ್ಯಾಂಡಿನವರೆಗೆ ನಡೆದುಹೋದೆ. ಚಹಾದ ಅಂಗಡಿಯವನಿಗೆ ಹೇಳಿದೆ. ಹುಮನಾಬಾದಿನ ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. "ಛಲೋ ಆಯ್ತ್ ಬಿಡ್ರಿ ಯಪ್ಪಾ" ಎಂದು ಆಕೆ ಬಸ್ಸು ಹತ್ತಿದಳು. ತಿರುಗಿ ಬರುವಾಗ ಎದುರಿಗೆ ಸಿಕ್ಕವರೆಲ್ಲ, ಯಾರು ಸತ್ತರು ಎಂದು ಕೇಳಿದರು. ನನ್ನ ಕಣ್ಣೀರು ನಿಂತಿರಲಿಲ್ಲ.

ಇಷ್ಟು ಸಂತೋಷಕ್ಕೆ ಕಾರಣವಿದೆ. ಮೂರು ದಿನದ ಹಿಂದೆ ಅವಳು ಫೇಲಾಗುತ್ತಾಳೆ ಎಂದೇ ನಾನು ತಿಳಿದಿದ್ದೆ. ಅದೂ ನನ್ನಿಂದ.

ಅವಳು ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಪರೀಕ್ಷೆಗಳೆಲ್ಲ ಮುಗಿದಿದ್ದವು, ಪ್ರಾಜೆಕ್ಟು ಒಂದು ಬಾಕಿ. ನಮ್ಮೂರಿನ ಕೆಂಪು ಬಾಳೆಯ ಬೆಳೆ, ಅದರ ಮಾರಾಟ, ಇದರ ಮೇಲೆ ಮೂರು ಜನ ಕೂಡಿ ಒಂದು ಪುಸ್ತಕದಷ್ಟು ಬರೆಯಬೇಕು. ನಂಬರು ಮೂವರಿಗೂ ಒಂದೇ. ಇವಳ ಜೊತೆಗೆ ಒಬ್ಬಳು ಹುಡುಗಿ, ಕಲಬುರಗಿಯವಳೇ. ಇನ್ನೊಬ್ಬ ಕೋಟನೂರಿನ ಹುಡುಗ. ಎರಡು ತಿಂಗಳ ಹಿಂದೆ, ಒಂದು ಭಾನುವಾರ ಊರಿಗೆ ಬಂದವಳು ಚೀಲ ಮೂಲೆಗೆ ಒಗೆದು ನನ್ನ ಪಕ್ಕ ಕುಳಿತಳು.

"ಮುತ್ಯಾ, ಗ್ರೂಪ್ ಅಂದ್ರ ನನಗ ಮೈಯೆಲ್ಲಾ ಉರಿತದ."

"ಯಾಕವ್ವಾ? ಮೂರು ಮಂದಿ ಕೂಡಿದ್ರ ಕೆಲಸ ಹಗುರ ಆಗ್ತದಲ್ಲ?"

"ಹಗುರ ಅವ್ರಿಗಿ ಆಗ್ತದ. ಅಕಿ ಫೋನ್ ಎತ್ತಂಗಿಲ್ಲ. ಅವ ಏನ್ ಕೇಳಿದ್ರೂ ಹೆಬ್ಬೆರಳು ಕಳಿಸ್ತಾನ."

ನನಗೆ ಗಾಬರಿಯಾಯಿತು. "ಎಂ.ಎ. ಓದಾಕತ್ತಾನ ಅಂತಿ, ಇನ್ನಾ ಹೆಬ್ಬೆಟ್ಟು ಒತ್ತತಾನೇನು? ಸಹಿ ಬರಂಗಿಲ್ಲಾ ಅವನಿಗಿ?"

ಅವಳು ಅಳುವುದೋ ನಗುವುದೋ ತಿಳಿಯದೆ ಫೋನು ತೆಗೆದು ತೋರಿಸಿದಳು. ಸಾಲಾಗಿ ಹಳದಿ ಹೆಬ್ಬೆರಳುಗಳು. ಅಂದರೆ 'ಆಯ್ತು' ಎಂದು ಅರ್ಥವಂತೆ. ಆಯ್ತು ಎಂದವನು ಏನನ್ನೂ ಮಾಡಿರಲಿಲ್ಲ.

ಆಗ ನಾನು ಬುದ್ಧಿ ಹೇಳಿದೆ. ನನಗೆ ತಿಳಿದದ್ದು ಗೋಡೆಯ ಬುದ್ಧಿ. ನಮ್ಮ ಕೆಲಸದಲ್ಲಿ ಮನೆಯ ನಾಲ್ಕು ಮೂಲೆಗೆ ನಾಲ್ವರು ಗೌಂಡಿಗಳು ನಿಲ್ಲುತ್ತೇವೆ. ಮೊದಲು ಮೂಲೆ ಏರಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ದಾರ ಕಟ್ಟಿ ನಡುವಿನ ಕಲ್ಲು ಕೂರಿಸುವುದು. ಒಬ್ಬನ ಮೂಲೆ ತಗ್ಗಿದರೆ ದಾರ ಓರೆಯಾಗುತ್ತದೆ, ಎಲ್ಲರ ಕೆಲಸವೂ ನಿಲ್ಲುತ್ತದೆ. ನನ್ನ ಜೋಡಿದಾರನೊಬ್ಬ ಯಾವಾಗಲೂ ಹಿಂದೆ ಬೀಳುತ್ತಿದ್ದ. ಮೇಸ್ತ್ರಿ ಚಹಾಕ್ಕೆ ಹೋದಾಗ ನಾನು ಓಡಿಹೋಗಿ ಅವನ ಮೂಲೆಗೆ ಎರಡು ಸಾಲು ಕಲ್ಲು ಏರಿಸಿ ಬರುತ್ತಿದ್ದೆ. ಜಗಳವಿಲ್ಲ, ದೂರಿಲ್ಲ.

"ನೀನೂ ಹಂಗ ಮಾಡು. ಅವ್ರ ಪಾಲಿಂದು ಬಾಯಿ ಮುಚ್ಕೊಂಡ್ ನೀನ ಮಾಡಿ ಹಾಕು. ಕೆಲಸ ಮುಗಿಯೋದು ಮುಖ್ಯ."

ಅವಳು ಹಾಗೆಯೇ ಮಾಡಿದಳು. ನನ್ನ ಗುರುತಿನವರ ತೋಟಗಳಿಗೆಲ್ಲ ನಾನೇ ಕರೆದುಕೊಂಡು ಹೋದೆ. ಅವಳು ಕೇಳಿದಳು, ಬರೆದಳು, ಮೂವರ ಪಾಲನ್ನೂ ಒಬ್ಬಳೇ ಮುಗಿಸಿದಳು. ನಾನು ಬೀಗಿದೆ. ನಾಲ್ಕನೆಯ ತರಗತಿಯ ಬುದ್ಧಿ ಎಂ.ಎ.ಗೂ ಬಂತಲ್ಲ ಎಂದುಕೊಂಡೆ.

ಮೂರು ದಿನದ ಹಿಂದೆ ಅವಳ ಫೋನು ಬಂತು. ಸರ್ ಹೊಸದಾಗಿ ಹೇಳಿದ್ದರು: ಪ್ರಾಜೆಕ್ಟನ್ನು ಬರೆದು ಕೊಟ್ಟರೆ ಸಾಲದು, ಮೂವರನ್ನೂ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಯಾರಿಗೆ ಯಾವ ಪ್ರಶ್ನೆ ಎಂದು ಮೊದಲೇ ಹೇಳುವುದಿಲ್ಲ. ಒಬ್ಬರು ಬಾಯಿ ಬಿಡದಿದ್ದರೂ ಮೂವರದೂ ವಾಪಸು, ಮತ್ತೆ ಆರು ತಿಂಗಳು.

"ಅವ್ರಿಬ್ರಿಗಿ ಒಂದಕ್ಷರ ಗೊತ್ತಿಲ್ಲ ಮುತ್ಯಾ. ಎಲ್ಲಾ ನಾನ ಬರ್ದೀನಲ್ಲ."

ಕಲ್ಲು ಹೊತ್ತು ಕೊಡು ಎಂದರೆ ಈ ವಯಸ್ಸಿನಲ್ಲೂ ಹೊತ್ತೇನು. ಇದನ್ನು ಎಲ್ಲಿ ಹಿಡಿದು ಎತ್ತಲಿ?

ಮರುದಿನ ಕಣ್ಣು ತೋರಿಸಲು ಕಲಬುರಗಿಗೆ ಹೋಗುವುದಿತ್ತು. ಕಣ್ಣಿಗೆ ಹನಿ ಹಾಕಿಸಿಕೊಂಡು, ಎಲ್ಲವೂ ಮಂಜುಮಂಜಾಗಿ ಕಾಣುವಾಗಲೇ ಜಗತ್ ಸರ್ಕಲ್ಲಿನ ಝೆರಾಕ್ಸ್ ಅಂಗಡಿಗೆ ಬಂದೆ. ಪ್ರಾಜೆಕ್ಟು ಬೈಂಡ್ ಮಾಡಿಸಲು ಮೂವರೂ ಅಲ್ಲಿಗೆ ಬರುವವರಿದ್ದರು. ನನಗೊಂದು ಸ್ಟೂಲು ಸಿಕ್ಕಿತು. ಆ ಇಬ್ಬರನ್ನು ನಾನು ನೋಡಿದ್ದು ಅದೇ ಮೊದಲು. ಸೋಮಾರಿಗಳ ಮುಖ ಹೇಗಿರುತ್ತದೋ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಮಕ್ಕಳ ಹಾಗೇ ಇದ್ದರು.

ಮೊಮ್ಮಗಳು ಶುರು ಮಾಡಿಯೇಬಿಟ್ಟಳು. "ನಾಡಿದ್ದು ನೀವಿಬ್ರೂ ಏನ್ ಹೇಳ್ತೀರಿ? ಒಂದ್ ದಿನರ ಕೆಲಸ ಮಾಡೀರೇನು?"

ಆ ಹುಡುಗಿ ಅವಳಿಗೆ ಉತ್ತರ ಕೊಡಲಿಲ್ಲ, ನನ್ನ ಕಡೆಗೆ ತಿರುಗಿದಳು. "ಮುತ್ಯಾರೇ, ನೀವ ಫೈಸಲಾ ಹೇಳ್ರಿ. ನಮ್ಮ ಅಬ್ಬಾ ಬಂಡಿ ಮ್ಯಾಲ ಬಾಳೆಹಣ್ಣು ಮಾರ್ತಾರ. ಬಾಳಿ ಬಗ್ಗೆ ಬರಿಯೋದದ ಅಂತ ಖುಷಿ ಆಗಿ ಆರು ಪಾನಾ ಬರ್ದು ಕಳಿಸ್ದೆ. ಒಂದು ಸಾಲ್ ಸುದ್ದಾ ಇಟ್ಟಿಲ್ಲ ಇಕಿ. ಎಲ್ಲಾ ಅಳಿಸಿ ತಾನ ಬರ್ಕೊಂಡಾಳ. ಆಮ್ಯಾಲ ನಾ ಯಾಕ ಫೋನ್ ಎತ್ಲಿ?"

"ನೀ ಬರ್ದಿದ್ದು ಸರ್ ಒಪ್ತಿದ್ದಿಲ್ಲ" ಎಂದಳು ಮೊಮ್ಮಗಳು.

"ಸರ್‌ಗ ತೋರಿಸಿದ್ದೇನು?"

ಮೊಮ್ಮಗಳು ಬೈಂಡಿಗೆ ತಂದ ಹಾಳೆಗಳ ಅಂಚು ಸರಿಮಾಡತೊಡಗಿದಳು.

ಕೋಟನೂರಿನ ಹುಡುಗ ಹೆಲ್ಮೆಟ್ಟನ್ನು ಕೈಯಿಂದ ಕೈಗೆ ಬದಲಿಸಿದ. "ನಾ ಏನ್ ಮಾಡಿದ್ರೂ ಇಕಿ ತಿದ್ತಾಳ್ರಿ. ಹೆಂಗಿದ್ರೂ ತಿದ್ದಾಕಿನ ಅದಾಳ, ನಾ ಬರಿಯೋದ್ಯಾಕ ಅಂತ ಬಿಟ್ಟೆ."

"ಅದಕ್ಕ ಹೆಬ್ಬೆರಳು ಕಳಿಸ್ದಿ?" ಎಂದಳು ಮೊಮ್ಮಗಳು.

"ಮತ್ತೇನ್ ಕಳಿಸ್ಲಿ, ಹೂವಿನ ಹಾರ ಕಳಿಸ್ಲ್ಯಾ?"

ಅಂಗಡಿಯವನು ಮಷೀನು ನಿಲ್ಲಿಸಿದ. "ಬೈಂಡ್ ಮಾಡ್ಲೋ ಬ್ಯಾಡೋ? ಸರ್ಕಲ್ ತುಂಬಾ ಕೇಳಾಕತ್ತದ ನಿಮ್ಮ ಗದ್ದಲ."

ಮೊಮ್ಮಗಳಿಗೆ ಹೇಳದೆ ಬಿಟ್ಟ ಮಾತೊಂದು ನನ್ನಲ್ಲಿತ್ತು. ಬೇಕೆಂದೇ ಬಿಟ್ಟದ್ದಲ್ಲ. ಅಲ್ಲಿಯವರೆಗೆ ನನಗೇ ಅದು ಹೊಳೆದಿರಲಿಲ್ಲ. ನಾನು ಯಾರ ಮೂಲೆ ಏರಿಸಿ ಕೊಡುತ್ತಿದ್ದೆನೋ ಆ ಜೋಡಿದಾರ ಕಡೆಯವರೆಗೂ ಮೂಲೆ ಕಟ್ಟಲು ಕಲಿಯಲಿಲ್ಲ. ನಾವೆಲ್ಲ ಒಬ್ಬೊಬ್ಬರೇ ಮನೆ ಕಟ್ಟುವ ಕೆಲಸ ಹಿಡಿಯುವಂತಾದಾಗ ಅವನು ಗಾರೆ ಕಲಸುತ್ತಾ ಉಳಿದ. ಒಂದು ಸಲ ನನ್ನ ಮುಖಕ್ಕೇ ಹೇಳಿದ್ದ: "ನೀ ನನ್ನ ಕೈಯಾಗಿನ ಕಲ್ಲು ಕಸ್ಕೊಂಡಿ." ನಾನು ಅದನ್ನು ಹೊಟ್ಟೆಕಿಚ್ಚು ಎಂದುಕೊಂಡು ನಕ್ಕಿದ್ದೆ.

"ಅವ್ರ ಪಾಲಿಂದೂ ನೀನ ಮಾಡು ಅಂತ ಬುದ್ಧಿ ಹೇಳಿದಾವ ನಾನ್ರಪ್ಪಾ" ಎಂದೆ. "ಅಕಿನ್ನ ಬೈಬ್ಯಾಡ್ರಿ." ನಡೆದದ್ದನ್ನು ಹೇಳಿದೆ. ಹೇಳಿದರೆ ಏನಾದೀತು? ಅಳಿಸಿದ ಆರು ಪುಟ ತಿರುಗಿ ಬರಲಿಲ್ಲ. ಪ್ರಶ್ನೆ ಕೇಳುವ ದಿನ ಮುಂದೆ ಹೋಗಲಿಲ್ಲ. ಮೊಮ್ಮಗಳು ನನ್ನ ಮುಖವನ್ನು ನೋಡಲೇ ಇಲ್ಲ. ಕೊನೆಗೆ ಆ ಹುಡುಗಿಯೇ ಹಾಳೆಗಳ ಕಟ್ಟನ್ನು ಎತ್ತಿಕೊಂಡು, "ಅರೇ ಬಾ, ಕುಂಡ್ರು, ಮೊದ್ಲನೇದರಿಂದ ಹೇಳು" ಎಂದು ಮೊಮ್ಮಗಳನ್ನು ಕರೆದಳು. ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಮೂವರೂ ಕುಳಿತರು. ನನಗೂ ಒಂದು ಹಾಳೆ ಕೊಟ್ಟರು. ಅಕ್ಷರ ನನಗೆ ಗೊತ್ತು. ಆದರೆ ಹನಿ ಹಾಕಿದ ಕಣ್ಣಿಗೆ ಅಕ್ಷರಗಳು ಕೂಡಲಿಲ್ಲ, ಕೂಡಿದ್ದರೂ ಆ ಮಾತುಗಳ ಅರ್ಥ ನನಗೆ ಆಗುತ್ತಿರಲಿಲ್ಲ. ಅವರು ಒಂದೊಂದು ಪುಟಕ್ಕೂ ಜಗಳವಾಡುತ್ತಿದ್ದಾಗಲೇ ನಾನು ಬಸ್ಸು ಹಿಡಿದು ಊರಿಗೆ ಬಂದೆ. ನಾನು ಅಲ್ಲಿದ್ದು ಮಾಡುವುದೇನೂ ಇರಲಿಲ್ಲ.

ಇವತ್ತು ಬೆಳಿಗ್ಗೆಯಿಂದ ಕಟ್ಟೆಯ ಮೇಲೆ ಫೋನು ಹಿಡಿದು ಕುಳಿತಿದ್ದೆ. "ದಿಟ್ಟಿಸಿ ನೋಡಿದ್ರ ಅದು ಗಂಟಿ ಬಾರಿಸ್ತದೇನ್ರಿ?" ಎಂದಳು ಹೆಂಡತಿ. ಅವಳೂ ಮೂರು ಸಲ ಹೊರಗೆ ಬಂದು ಹೋಗಿದ್ದಳು.

ನಡೆದದ್ದು ಹೀಗಂತೆ. ಸರ್ ಮೊಮ್ಮಗಳನ್ನೇ ಕೇಳಿದರಂತೆ: ಕೆಂಪು ಬಾಳೆ ಇಷ್ಟು ರುಚಿ ಇದ್ದರೂ ಮಾರುವವರ ಗಾಡಿಯ ಮೇಲೆ ಯಾಕೆ ಉಳಿಯುತ್ತದೆ? ಎಲ್ಲವನ್ನೂ ಬರೆದವಳಿಗೆ ಅದೊಂದು ಗೊತ್ತಿರಲಿಲ್ಲ. ಅವಳು ತೋಟ ನೋಡಿದ್ದಳು, ಗಾಡಿ ನೋಡಿರಲಿಲ್ಲ. ಆಗ ಆ ಹುಡುಗಿ ಬಾಯಿ ಹಾಕಿದಳಂತೆ: ಇದರ ಸಿಪ್ಪೆ ಕಾಯಿದ್ದಾಗಲೂ ಕೆಂಪು, ಹಣ್ಣಾದರೂ ಕೆಂಪು. ಮುಟ್ಟಿ ನೋಡಿದರಷ್ಟೇ ತಿಳಿಯುತ್ತದೆ. ಗೊತ್ತಿಲ್ಲದ ಗಿರಾಕಿ ಹಳದಿಯದಕ್ಕೇ ಕೈ ಹಾಕುತ್ತಾನೆ. ಅಳಿಸಿಹೋದ ಪುಟಗಳಲ್ಲಿ ಇದೇ ಇತ್ತಂತೆ. ಸರ್ ಅದನ್ನು ಗ್ರೂಪಿನ ಉತ್ತರವೆಂದು ಒಪ್ಪಿ ತಲೆಯಾಡಿಸಿದರು. ಕೋಟನೂರಿನ ಹುಡುಗನೂ ತನ್ನ ಪಾಲಿನ ಎರಡು ಪ್ರಶ್ನೆಗೆ ತೊದಲುತ್ತಲೇ ಉತ್ತರ ಕೊಟ್ಟ. ಮೂವರೂ ದಡ ಮುಟ್ಟಿದರು.

ಸಂಜೆಯ ಬಸ್ಸಿಗೆ ಮೊಮ್ಮಗಳು ಬಂದಳು. ನಾನು ಹೆದರುತ್ತಲೇ ಕೇಳಿದೆ, "ಈಗರ ಗ್ರೂಪ್ ಛಲೋ ಅನಸ್ತದೇನವ್ವಾ?"

"ಇಲ್ಲ ಮುತ್ಯಾ. ಇನ್ನೊಮ್ಮಿ ಅಂದ್ರ ಓಡಿಹೋಗ್ತೀನಿ." ಚೀಲ ಕೆಳಗಿಟ್ಟು ಹೇಳಿದಳು, "ನಾ ಅಕಿಗಿ ತಪ್ಪಾಯ್ತು ಅಂದೆ. ಅಕಿ 'ಇರ್ಲಿ ಬಿಡು' ಅಂದ್ಲು. ಇರ್ಲಿ ಬಿಡು ಅಂದ್ರ ಸಿಟ್ಟು ಹೋಯ್ತು ಅಂತೇನು?"

ಅವಳ ಹೆಗಲ ಮೇಲೆ ಕೈ ಇಟ್ಟೆ, ಅಷ್ಟೇ.

"ರೊಟ್ಟಿ ಆರಾಕತ್ತಾವ, ಬರ್ರಿ" ಎಂದು ಹೆಂಡತಿ ಒಳಗಿನಿಂದ ಕೂಗಿದಳು. ಮಗ ಕೈತೊಳೆದು ಬಂದ. ಸೊಸೆ ಹೋಳಿಗೆಯ ಬುಟ್ಟಿ ತಂದು ನಡುವೆ ಇಟ್ಟಳು. ಬಡಿಸುವವರು ಆಮೇಲೆ ಉಣ್ಣುವುದು ಬೇಡ, ಇವತ್ತು ಎಲ್ಲರೂ ಕೂಡಿಯೇ ಕೂರಬೇಕು ಎಂದು ನಾನು ಹಟ ಹಿಡಿದೆ. ಐವರೂ ಸುತ್ತಲೂ ಕುಳಿತೆವು. ಎಣ್ಣೆಗಾಯಿ ಖಾರವಾಗಿತ್ತು. ಮೊಮ್ಮಗಳು ಮೂಗು ಒರೆಸಿಕೊಳ್ಳುತ್ತಾ ಎರಡನೆಯ ರೊಟ್ಟಿಗೆ ಕೈ ಚಾಚಿದಳು.