ಅಪ್ಪ ಕೊಟ್ಟುಬಿಟ್ಟ ಪೆಟ್ಟಿಗೆ

ನಮ್ಮಪ್ಪ ಶವಪೆಟ್ಟಿಗೆ ಮಾಡುವ ಬಡಗಿ. ಬೀದಿಯವರಿಗೆಲ್ಲ ಅವನು ಪೆಟ್ಟಿಗೆ ಮಾಮ. ಮೇಜು, ಕುರ್ಚಿ, ಕಿಟಕಿ ಎಲ್ಲವನ್ನೂ ಮಾಡಬಲ್ಲವನಾದರೂ ಜನ ಅವನ ಬಾಗಿಲು ತಟ್ಟುತ್ತಿದ್ದುದು ಮನೆಯಲ್ಲಿ ಸಾವಾದಾಗಲೇ. ಅವನು ಯಾರನ್ನಾದರೂ ತುಸು ಹೊತ್ತು ದಿಟ್ಟಿಸಿದರೆ ಸಾಕು, ಅಳತೆ ತಗೋಬೇಡಿ ಮಾಮ, ನಮಗಿನ್ನೂ ಟೈಮಿದೆ ಎಂದು ನಗುತ್ತಿದ್ದರು. ಅವನೂ ಬಿಡುತ್ತಿರಲಿಲ್ಲ. ತನ್ನ ಮಾಲು ಕೊಂಡವರಲ್ಲಿ ಒಬ್ಬರೂ ಇಕ್ಕಟ್ಟಾಯಿತೆಂದು ವಾಪಸ್ ತಂದಿಲ್ಲ ಎನ್ನುತ್ತಿದ್ದ.

ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ, ಮೇಲೆ ಅಟ್ಟ. ಮರದ ಹೊಟ್ಟು ಊಟದ ತಟ್ಟೆಯವರೆಗೂ ಹಾರಿಬರುತ್ತಿತ್ತು. ಅಮ್ಮ ಗುಡಿಸುತ್ತಲೇ ಇರುತ್ತಿದ್ದಳು, ಬೈಯುತ್ತಲೂ ಇರುತ್ತಿದ್ದಳು.

ಅಣ್ಣ ಬೆಳಗಿನ ಪಾಳಿಗೆಂದು ಸೈಕಲ್ ಮೇಲೆ ಹೊರಟವನು ಕೆಲಸದ ಜಾಗ ಮುಟ್ಟಲಿಲ್ಲ. ಬ್ರೆಡ್ ಹಂಚುವ ವ್ಯಾನೊಂದು ರಸ್ತೆ ಬಿಟ್ಟು ಬಂದು ಹೊಡೆದಿತ್ತು. ಚಾಲಕನಿಗೆ ಸ್ಟಿಯರಿಂಗ್ ಹಿಡಿದಂತೆಯೇ ನಿದ್ದೆ ಹತ್ತಿತ್ತಂತೆ. ಅವನಿಗೆ ಜೈಲಾಯಿತು. ಅಣ್ಣನ ಪೆಟ್ಟಿಗೆಯನ್ನು ಅಪ್ಪನೇ ಮಾಡಿದ. ಆಗ ಅಂಗಡಿಯಲ್ಲಿ ಉಳಿದಿದ್ದುದು ಸಾಮಾನು ಕಟ್ಟಲು ಬಳಸುವ ಅಗ್ಗದ ಹಲಗೆಗಳು ಮಾತ್ರ. ಹೊಸ ಮರ ತರಿಸುವಷ್ಟು ವ್ಯವಧಾನ ಇರಲಿಲ್ಲ.

ಮುಂದಿನ ವರ್ಷ ಚರ್ಚಿನ ಹಳೆಯ ಛಾವಣಿ ಬಿಚ್ಚಿದರು. ತೊಲೆಗಳು ತೇಗದವು, ತಲೆಮಾರುಗಳ ಹಿಂದೆ ಕೊಯ್ದ ಮರ. ಹೊಸ ಛಾವಣಿಗೆ ದುಡಿದ ಅಪ್ಪ ಕೂಲಿ ಬೇಡ, ಆ ಮರ ಕೊಡಿ ಎಂದು ಕೇಳಿ ತಂದ. ಬಿಡುವಾದಾಗಲೆಲ್ಲ ಕೂತು ತನಗೆಂದೇ ಒಂದು ಪೆಟ್ಟಿಗೆ ಮಾಡಿಕೊಂಡ. ಒಂದು ಮೊಳೆಯೂ ಇಲ್ಲದ ಜೋಡಣೆ. ಮುಚ್ಚಳದ ಮೇಲೆ, ಎದೆಯ ಭಾಗಕ್ಕೆ ಸರಿಯಾಗಿ, ಕಣ್ಣಿನಂಥ ಒಂದು ಗಂಟು. ಹಳೆಯ ಹೊದಿಕೆ ಮುಚ್ಚಿ ಅದನ್ನು ಅಟ್ಟದ ಮೇಲಿಟ್ಟ. ಪ್ರತಿ ಭಾನುವಾರ ಆರಾಧನೆ ಮುಗಿಸಿ ಬಂದವನೇ ಏಣಿ ಹತ್ತಿ ಅದಕ್ಕೆ ಎಣ್ಣೆ ಒರೆಸುತ್ತಿದ್ದ, ಗೆದ್ದಲು ಹಿಡಿದಿದೆಯೇ ಎಂದು ಮೂಲೆಮೂಲೆ ತಡವುತ್ತಿದ್ದ. ಮನೆಗೆ ಬಂದ ನೆಂಟರನ್ನೂ ಹತ್ತಿಸಿ ತೋರಿಸುತ್ತಿದ್ದ. ನನ್ನ ಸವತಿ ಅಟ್ಟದ ಮೇಲಿದ್ದಾಳೆ ಎಂದು ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು. ಅಣ್ಣ ಹೋದ ಮೇಲೆ ಅವಳ ಬಾಯಿಂದ ಬರುತ್ತಿದ್ದ ತಮಾಷೆಯೆಂದರೆ ಅದೊಂದೇ.

ಚರ್ಚು ಗುಡಿಸಿ ಒರೆಸುವುದು ಶನಿವಾರಗಳಲ್ಲಿ ನನ್ನ, ಅಮ್ಮನ ಪಾಲಿನ ಕೆಲಸ. ಅಣ್ಣ ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಅಂಥದೊಂದು ಶನಿವಾರ ನಾನು ಬೆಂಚು ಒರೆಸುತ್ತಿದ್ದೆ. ಯಾರದೋ ಶವ ಬಂತು. ಹಿಂದೆ ಅಳುವವರಿರಲಿ, ನಡೆಯುವವರೂ ಇರಲಿಲ್ಲ. ಪೆಟ್ಟಿಗೆ ಹೊತ್ತ ನಾಲ್ವರಲ್ಲಿ ಅಪ್ಪನೂ ಒಬ್ಬ. ಪಾಪ, ಯಾರೂ ದಿಕ್ಕಿಲ್ಲದವರು ಅನ್ನಿಸುತ್ತೆ ಎಂದು ಅಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ತಲೆ ಬಾಗಿಸಿ ನಿಂತಳು. ಅವರು ಪೆಟ್ಟಿಗೆಯನ್ನು ಅವಳ ಮುಂದೆಯೇ ಇಳಿಸಿದರು. ಅವಳು ತಲೆ ಎತ್ತಿದಾಗ ಆ ಗಂಟು ಕಂಡಿತು.

ನನಗೂ ಕಂಡಿತು. ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು.

ಯಾರು ಸತ್ತದ್ದು ಎಂದು ಅಮ್ಮ ಚರ್ಚಿನ ಗಂಟೆ ಹೊಡೆಯುವವನನ್ನು ಕೇಳಿದಳು. ಆತ ಅಪ್ಪನ ಮುಖ ನೋಡಿದ, ನೆಲ ನೋಡಿದ. ಕೊನೆಗೆ, "ಆ ಬ್ರೆಡ್ ವ್ಯಾನ್ ಓಡಿಸ್ತಿದ್ದವನು, ಅಕ್ಕ" ಎಂದ.

ಅವನು ಜೈಲಿನಿಂದ ಹೊರಬಂದಿದ್ದಾನೆಂಬುದೇ ನಮಗೆ ಗೊತ್ತಿರಲಿಲ್ಲ. ನಮ್ಮ ಬೀದಿಯಿಂದ ಕೂಗಳತೆಯಲ್ಲಿ, ಒಂದು ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಅವನು ಇಷ್ಟು ಕಾಲ ಬದುಕಿದ್ದ.

ಅಮ್ಮ ಮುಚ್ಚಳದ ಮೇಲೆ ಕೈಯಿಟ್ಟಳು. "ರೀ, ಇದರಲ್ಲಿ ಇವನನ್ನ ಮಲಗಿಸಿದ್ರಾ?"

"ಹೂಂ," ಎಂದ ಅಪ್ಪ. "ಅಳತೆ ಸರಿಹೋಯ್ತು."

ಅವನು ಬೇರೆ ಏನಾದರೂ ಹೇಳಿದ್ದರೆ ಅವಳು ಕಿರುಚುತ್ತಿದ್ದಳೇನೋ. ಪೆಟ್ಟಿಗೆಯಿಂದ ಕೈ ತೆಗೆದು, ಬೆಂಕಿ ಮುಟ್ಟಿದವಳಂತೆ ಆ ಅಂಗೈಯನ್ನೇ ನೋಡಿಕೊಂಡಳು. ಆಮೇಲೆ ಬಹಳ ಮೆಲ್ಲಗೆ, "ನನ್ನ ಮಗ ಸಾಮಾನು ಕಟ್ಟೋ ಮರದಲ್ಲಿ ಹೋದ" ಎಂದಳು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಟುಹೋದಳು. ಮನೆಗಲ್ಲ, ಸೇತುವೆಯಾಚೆ ಇದ್ದ ನಮ್ಮ ಚಿಕ್ಕಮ್ಮನ ಮನೆಗೆ.

ಅಪ್ಪ ಮಣ್ಣು ಮಾಡಿ ಬಂದು ಅಂಗಡಿಯಲ್ಲಿ ಕೂತ. ಅಮ್ಮನ ಪರವಾಗಿ ಜಗಳ ಆಡಬೇಕೆಂದೇ ಹೋದೆ. ಏನೂ ಹೊಳೆಯದೆ, ನಿನಗೆ ತಲೆ ನೆಟ್ಟಗಿದೆಯಾ ಅಪ್ಪ ಎಂದು ಕೇಳಿದೆ. ಅವನು ಹೇಳುತ್ತ ಹೋದ, ನಾನು ಕೇಳುತ್ತ ನಿಂತೆ.

ಅಪ್ಪ ಮೊದಲ ಸಲ ಜೈಲಿಗೆ ಹೋದದ್ದು ಆ ಮನುಷ್ಯನ ಮುಖಕ್ಕೆ ಉಗಿಯಲೆಂದಂತೆ. ಎದುರಿಗೆ ತಂದು ಕೂರಿಸಿದವನ ಕಣ್ಣು ಗುಳಿಬಿದ್ದಿತ್ತು. ಅಪಘಾತದ ದಿನದಿಂದ ಅವನು ಮಲಗಿ ನಿದ್ದೆ ಮಾಡಿರಲಿಲ್ಲ. ಕಣ್ಣು ಮುಚ್ಚಿದರೆ ಯಾರಾದರೂ ಸಾಯುತ್ತಾರೆಂಬ ಭಯ. ಗೋಡೆಗೆ ಒರಗಿ ಕೂತಲ್ಲೇ ತೂಕಡಿಸಿ, ಬೆಚ್ಚಿ ಏಳುತ್ತಿದ್ದ. ಉಗಿಯಲು ಹೋದ ಅಪ್ಪ ಬಾಯಿ ಒಣಗಿಸಿಕೊಂಡು ಬಂದಿದ್ದ. ಮತ್ತೆ ಹೋದ. ಬಿಡುಗಡೆಯಾದ ಮೇಲೂ ಹೋದ. ಮರ ನೋಡಿ ಬರುತ್ತೇನೆ ಎಂದು ಅಮ್ಮನಿಗೆ ಹೇಳಿ ಹೋಗುತ್ತಿದ್ದುದೆಲ್ಲ ಅಲ್ಲಿಗೇ. ಆ ಕೋಣೆಯಲ್ಲಿ ಮಂಚ ಇರಲಿಲ್ಲ, ಒಂದು ಕುರ್ಚಿ ಮಾತ್ರ ಇತ್ತು. ಮಂಚ ಮಾಡಿಕೊಡುತ್ತೇನೆಂದರೂ ಬೇಡವೆಂದಿದ್ದ. ಸತ್ತದ್ದೂ ಆ ಕುರ್ಚಿಯಲ್ಲೇ. ನಾವಿಬ್ಬರೂ ಚರ್ಚಿಗೆ ಹೊರಟ ಮೇಲೆ ಅಪ್ಪ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ್ದ.

"ಇಷ್ಟು ವರ್ಷ ಕಾಲು ಚಾಚಿ ಮಲಗದವನು," ಎಂದ ಅಪ್ಪ. "ಒಳ್ಳೆ ಮರದಲ್ಲಿ ಮಲಗಲಿ ಅನ್ನಿಸ್ತು ಮಗಳೇ."

ಅದಕ್ಕೆ ನಿನ್ನದೇ ಬೇಕಿತ್ತಾ ಎಂದೆ. ಅಪ್ಪ ಕೈಯಲ್ಲಿದ್ದ ಉಳಿಯನ್ನು ಬದಿಗಿಟ್ಟ.

"ಪರಲೋಕದಲ್ಲಿ ಗಂಟು ಕೂಡಿಡಿ ಅಂತ ಪಾದ್ರಿಗಳು ಹೇಳಿದಾಗೆಲ್ಲ ಹೂಂಗುಟ್ಟಿ ಬರ್ತಿದ್ದೆ. ಬಂದು ಮಾಡ್ತಿದ್ದದ್ದೇನು? ಅಟ್ಟ ಹತ್ತೋದು. ಪ್ರಾರ್ಥನೆಗೆ ಮಂಡಿಯೂರಿದ್ರೂ ಗೆದ್ದಲಿನದೇ ಯೋಚನೆ. ನನ್ನ ಮನಸ್ಸೆಲ್ಲ ಅಟ್ಟದ ಮೇಲೇ ಇತ್ತು. ಅದನ್ನ ಕೆಳಗೆ ಇಳಿಸಬೇಕಿತ್ತು."

ನನಗೆ ಅರ್ಥವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮರುದಿನ ಭಾನುವಾರ, ಅಮ್ಮನ ಚಪ್ಪಲಿ ತೆಗೆದುಕೊಂಡು ಚಿಕ್ಕಮ್ಮನ ಮನೆಗೆ ಹೋದೆ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಜೈಲಿನ ಮಾತು ಬಂದಾಗ ಅವಳ ಕೈ ನಿಂತಿತು. ಕುರ್ಚಿಯ ಮಾತು ಬಂದಾಗ, "ನಾನು ಮಾತ್ರ ಮಲಗಿದ್ನಾ?" ಎಂದಷ್ಟೇ ಹೇಳಿ ಮತ್ತೆ ಹೆಚ್ಚತೊಡಗಿದಳು.

ಆದರೆ ವಾರ ಕಳೆಯುವ ಮುಂಚೆ ತಾನಾಗಿಯೇ ಬಂದಳು. ಒಳಗೆ ಬರಲಿಲ್ಲ, ಅಂಗಡಿಯ ಬಾಗಿಲಲ್ಲೇ ನಿಂತಳು. ಅಷ್ಟು ವರ್ಷ ಅವನ ಹತ್ತಿರ ಕೂತಿರಲ್ಲ, ಅವನು ನಮ್ಮ ಮಗನ ಬಗ್ಗೆ ಏನಾದರೂ ಹೇಳಿದನೇ ಎಂದು ಕೇಳಿದಳು.

ಅಪ್ಪನ ಮುಖ ಬಿಳಿಚಿಕೊಂಡಿತು. ಹೇಳಿದ್ದ. ಮೊದಲ ದಿನವೇ ಹೇಳಿದ್ದನೆಂದು ಅಪ್ಪ ಬಾಯಿಬಿಟ್ಟ. ವ್ಯಾನಿನಿಂದ ಇಳಿದು ಓಡಿಬಂದು ಅವನು ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಆಂಬುಲೆನ್ಸ್ ಬರುವ ಹೊತ್ತಿಗೆ ಜೀವ ಹೋಗಿತ್ತು. ಅಷ್ಟರವರೆಗೂ ಅಣ್ಣನಿಗೆ ಪ್ರಜ್ಞೆ ಇತ್ತು.

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಗ ಒಬ್ಬನೇ ಬಿದ್ದುಕೊಂಡು ಸತ್ತ ಎಂದೇ ಅವಳು ಅಷ್ಟು ವರ್ಷ ನಂಬಿದ್ದಳು. "ಮಾತಾಡಿದ್ನಾ?"

"ಸೈಕಲ್ ಪಕ್ಕದ ಮನೆಯವರದು, ರಿಪೇರಿ ಮಾಡಿಸಿ ಕೊಡಿ, ಬೈತಾರೆ ಅಂದನಂತೆ."

ಅಮ್ಮನ ಗಂಟಲಿನಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು ಬಂತು. ಅದು ಅಣ್ಣನೇ, ಅನುಮಾನವೇ ಇರಲಿಲ್ಲ. ಎರವಲು ತಂದ ಪೆನ್ನು ಹಿಂದಿರುಗಿಸುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅವಳು ಮರದ ಹೊಟ್ಟಿನ ಮೇಲೆಯೇ ಕುಸಿದು ಕೂತಳು. ಅಪ್ಪ ಹತ್ತಿರ ಹೋದರೆ ಕೈ ಅಡ್ಡ ಹಿಡಿದಳು.

"ನೀವು ಪರಲೋಕದಲ್ಲಿ ಕೂಡಿಟ್ಕೊಂಡ್ರಿ, ಸರಿ. ಅದು ದೇವರಿಗೂ ನಿಮಗೂ ಬಿಟ್ಟದ್ದು," ಎಂದಳು. "ಇದು ನನ್ನ ಪಾಲಿಂದು. ಇದನ್ನ ಯಾಕೆ ಬಚ್ಚಿಟ್ರಿ?"

ನಿನಗೆ ನೋವಾಗುತ್ತೆ ಅಂತ, ಎಂದು ಅಪ್ಪ ಶುರುಮಾಡಿದ. ಮುಗಿಸಲಿಲ್ಲ. ಶತ್ರುವಿಗೆ ತನ್ನ ಪೆಟ್ಟಿಗೆ ಕೊಟ್ಟ ಮನುಷ್ಯ ಹೆಂಡತಿಗೆ ಮಗನ ಕೊನೆಯ ಮಾತು ಕೊಟ್ಟಿರಲಿಲ್ಲ ಎಂಬುದು ಅವನಿಗೂ ಆಗಲೇ ಹೊಳೆದಂತಿತ್ತು. ಗೋಡೆ ಹಿಡಿದು ಮೆಲ್ಲಗೆ ಇಳಿದು ಅವಳಿಂದ ಸ್ವಲ್ಪ ದೂರದಲ್ಲಿ ತಾನೂ ಹೊಟ್ಟಿನ ಮೇಲೆ ಕೂತ. ತಪ್ಪಾಯ್ತು ಎಂದ. ಅವನ ಬಾಯಿಂದ ಆ ಮಾತನ್ನು ನಾನು ಮೊದಲ ಬಾರಿ ಕೇಳಿದೆ.

ಅವತ್ತಿನಿಂದ ಅಮ್ಮ ದಿನಾ ಕೆದಕಿ ಕೆದಕಿ ಕೇಳುತ್ತಿದ್ದಳು. ಅಣ್ಣ ಕಣ್ಣು ಬಿಟ್ಟಿದ್ದನಾ, ನೀರು ಕೇಳಿದನಾ, ಆ ಮನುಷ್ಯ ಯಾವ ಕೈಯಿಂದ ತಲೆ ಹಿಡಿದಿದ್ದ. ಅಪ್ಪ ನೆನಪಿದ್ದಷ್ಟನ್ನೂ ಹೇಳುತ್ತಿದ್ದ, ನೆನಪಿಲ್ಲದ್ದನ್ನು ಇಲ್ಲವೆನ್ನುತ್ತಿದ್ದ.

ಈಗ ಭಾನುವಾರ ಆರಾಧನೆ ಮುಗಿದ ಮೇಲೆ ಇಬ್ಬರೂ ಒಟ್ಟಿಗೇ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಹೋಗಿ, ನೋಡಲು ಯಾರೂ ಬರದವರ ಪಕ್ಕ ಕೂತು ಬರುತ್ತಾರೆ. ಕ್ಷಮಿಸಿದೆ ಎಂದು ಅಮ್ಮ ಇವತ್ತಿಗೂ ಹೇಳಿಲ್ಲ. ಹೇಳು ಎಂದು ಅಪ್ಪನೂ ಒತ್ತಾಯ ಮಾಡಿಲ್ಲ. ದಾರಿಯಲ್ಲಿ ಸ್ಮಶಾನ ಸಿಗುತ್ತದೆ. ಅಪ್ಪ ಆ ವ್ಯಾನಿನವನ ಸಮಾಧಿಯ ಹತ್ತಿರ ಹೋಗಿ ಕಳೆ ಕಿತ್ತು ಬರುವವರೆಗೆ ಅಮ್ಮ ಅಪ್ಪನ ಕೊಡೆ ಹಿಡಿದುಕೊಂಡು ಗೇಟಿನ ಹೊರಗೆ ನಿಂತಿರುತ್ತಾಳೆ.