ಭಾವನ ಟೋಪಿಯ ಬಿಲ್ಲೆ

ನಾನು ಚಿಕ್ಕವನಿದ್ದಾಗ ಆದೋನಿಯಲ್ಲಿ ಅಪ್ಪನಿಗೆ ಗುಜರಿ ಹಿತ್ತಾಳೆಯ ಅಂಗಡಿ ಇತ್ತು. ಹಿಂದೆ ಮನೆ, ಮುಂದೆ ಅಂಗಡಿ. ಒಡೆದ ಚೊಂಬು, ಸೊಟ್ಟ ತಟ್ಟೆಗಳ ನಡುವೆ ಒಮ್ಮೊಮ್ಮೆ ರೈಲ್ವೆಯವರ ಅಂಗಿಯ ಗುಂಡಿ, ಕೂಲಿಯವರು ತೋಳಿಗೆ ಕಟ್ಟುವ ಬಿಲ್ಲೆ, ಟೋಪಿಯ ಬಿಲ್ಲೆ ಬರುತ್ತಿದ್ದವು. ರೈಲ್ವೆ ಅಕ್ಷರ ಇರುವ ಹಿತ್ತಾಳೆ ಪೊಲೀಸರ ಕಣ್ಣಿಗೆ ಬಿದ್ದರೆ ಕಳ್ಳಮಾಲು. ಅದಕ್ಕೇ ಅಪ್ಪ ಅಕ್ಷರ ಅಳಿಯುವವರೆಗೆ ಸುತ್ತಿಗೆಯಿಂದ ಬಡಿದು, ಆಮೇಲೆ ತಕ್ಕಡಿಗೆ ಹಾಕುತ್ತಿದ್ದ. ಅವನ ಕೈಗೆ ಸಿಗುವ ಮೊದಲೇ ನಾನು ಒಂದೊಂದನ್ನು ಎತ್ತಿ ಬಿಸ್ಕತ್ತಿನ ಡಬ್ಬಿಗೆ ಸೇರಿಸುತ್ತಿದ್ದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಮಿರಮಿರ ಮಿಂಚೋವು. ಊಟ ಮಾಡುವಾಗಲೂ ಬೆರಳು ಹಿತ್ತಾಳೆ ನಾರೋದು.

ಅಕ್ಕನ ಗಂಡ, ನನ್ನ ಭಾವ, ಆಸ್ಪರಿ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ. ಮದುವೆಯಾದ ವರ್ಷವೇ ಜ್ವರ ಬಂದು ತೀರಿಕೊಂಡ. ಅವನ ಖಾಕಿ ಬಟ್ಟೆ ವಾಪಸು ಕೊಡುವಾಗ ಅಕ್ಕ ಟೋಪಿಯ ಬಿಲ್ಲೆಯೊಂದನ್ನು ಬಿಚ್ಚಿಟ್ಟುಕೊಂಡು ನಮ್ಮ ಮನೆಗೆ ಬಂದಳು. ಅವನದು ಅಂತ ಆಕೆಗೆ ಉಳಿದಿದ್ದು ಅದೇ. ಅದನ್ನು ನನ್ನ ಡಬ್ಬಿಯಲ್ಲಿಟ್ಟಳು. ಹುಡುಗನ ಆಟದ ಸಾಮಾನು, ಅಪ್ಪ ಮುಟ್ಟಲಾರ ಅಂತ ಪಾಪ, ನಂಬಿದ್ದಳು.

ಒಂದು ದಿನ ಪಕ್ಕದ ಅಂಗಡಿಗೆ ಪೊಲೀಸರು ಬಂದು ಹೋದರು. ಅಪ್ಪನಿಗೆ ಹೆದರಿಕೆ ಹತ್ತಿತು. ಸಿಟ್ಟು ಬಂದ ಅಪ್ಪನಿಗಿಂತ ಹೆದರಿದ ಅಪ್ಪ ಕೆಟ್ಟವನು. ಮನೆಯೆಲ್ಲ ಜಾಲಾಡಿ, ಡಬ್ಬಿ ಹಿಡಿದು, ಬಡಿಯುವ ಕಲ್ಲಿನ ಮೇಲೆ ಸುರುವಿದ.

"ಅದೊಂದು ಬಿಡಪಾ, ಅವರ ಟೋಪಿದು," ಅಂದಳು ಅಕ್ಕ.

"ಅದರ ಮ್ಯಾಲೆ ನಿನ್ನ ಗಂಡನ ಹೆಸರು ಐತೇನು? ರೈಲ್ವೆದು ಐತಿ," ಅಂದ ಅಪ್ಪ. "ಸತ್ತೋನ ಸಲುವಾಗಿ ಬದುಕಿದೋರು ಜೈಲಿಗೆ ಹೋಗಬೇಕೇನು? ನೀ ತಂದಿದ್ದು, ನೀನೇ ಬಡಿ." ಸುತ್ತಿಗೆ ಆಕೆಯ ಕೈಗೇ ಕೊಟ್ಟ.

ನಾನು ಅಪ್ಪನ ಕಾಲು ಹಿಡಿದು ಅತ್ತೆ. ಝಾಡಿಸಿ ಒದ್ದ. ಅಕ್ಕ ಬಡಿದಳು. ಮೆಲ್ಲಗೆ ಬಡಿದರೆ, "ಇನ್ನೂ ಕಾಣಸ್ತೈತಿ," ಅನ್ನುತ್ತಿದ್ದ. ಪೂರ್ತಿ ಚಪ್ಪಟೆಯಾದ ಮೇಲೆ ಉಳಿದ ಹಿತ್ತಾಳೆಯ ಜೊತೆ ಅದನ್ನೂ ತಕ್ಕಡಿಗೆ ಹಾಕಿದ. ಸಂಜೆ ಅದೇ ಕೈಯಿಂದ ಅಕ್ಕ ಎಲ್ಲರಿಗೂ ರೊಟ್ಟಿ ಬಡಿದಳು. ಅಪ್ಪ ಹೊಟ್ಟೆ ತುಂಬ ಉಂಡ.

ಮಕ್ಕಳೇ, ಈಗ ಅಂಥ ಬಿಲ್ಲೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆರೆಯುವವರಿದ್ದಾರೆ ಅಂತ ನೀವೇ ಫೋನಿನಲ್ಲಿ ತೋರಿಸಿದಿರಿ. ನಿಮ್ಮದೊಂದು ಹುಟ್ಟುಹಬ್ಬಕ್ಕೆ ಆ ಫೋನಿನಲ್ಲಿ ನೂರಾರು ಫೋಟೋ. ಭಾವನದು ಒಂದೂ ಇರಲಿಲ್ಲ. ಅಕ್ಕ ಮುದುಕಿಯಾದ ಮೇಲೆ, ಒಂದು ಮಧ್ಯಾಹ್ನ ಜೋಳ ಕೇರುತ್ತಾ ಮೊರ ನಿಲ್ಲಿಸಿ ಕೇಳಿದಳು: "ತಮ್ಮಾ, ನಿಮ್ಮ ಭಾವಗ ಮೀಸಿ ಇತ್ತೇನು?"

ನನಗೂ ನೆನಪಿರಲಿಲ್ಲ.