ಪಟ್ಟದ ರಾಜನಿಗೊಂದು ಜೇಬು

ಮಕ್ಕಳೇ, ನಿಮ್ಮಪ್ಪ ಅಂಗಡಿಗೆ ಹೋದರೆ ಅಂಗಿಯ ಬಣ್ಣ ನೋಡುವ ಮೊದಲು ಜೇಬು ನೋಡುತ್ತಾನೆಂದು ನೀವು ನಗುತ್ತೀರಲ್ಲ, ಆ ಚಟ ಮುಂಬಯಿಯ ಸಯನ್ನಿನ ನಮ್ಮ ಒಂದು ಕೋಣೆಯ ಮನೆಯಲ್ಲಿ ಶುರುವಾದದ್ದು.

ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು ನನ್ನ ಜೊತೆಗೇ ಮುಂಬಯಿಗೆ ಬಂದಿದ್ದವು, ಒಂದೂವರೆ ಗೇಣಿನ ಮರದ ರಾಜ, ಮರದ ರಾಣಿ. ದಸರೆ ಬಂದರೆ ಅವರಿಗೆ ಹೊಸ ಉಡುಗೆ ಉಡಿಸಿ ಕೂರಿಸಬೇಕು. ರಾಣಿಗೆ ನನ್ನ ರವಿಕೆಯ ಚೂರುಗಳು ಸಾಕಾಗುತ್ತಿದ್ದವು. ತೊಂದರೆ ಕೊಡುತ್ತಿದ್ದವನು ರಾಜ. ಆ ವರ್ಷ ನಿಮ್ಮಪ್ಪನಿಗೆ ಐದು ತುಂಬಿತ್ತು. ಅವನ ಕೆಂಪು ಮಖಮಲ್ ಅಂಗಿಗೆ ಹೊಟ್ಟೆಯ ಮೇಲೆ ಗುಂಡಿ ಕೂಡುತ್ತಿರಲಿಲ್ಲ. ಅವನು ಶಾಲೆಗೆ ಹೋದಾಗ ಅದನ್ನು ಕತ್ತರಿಸಿ ರಾಜನಿಗೆ ನಿಲುವಂಗಿ ಹೊಲಿದೆ. ಜೇಬು ಬಿಚ್ಚಿದರೆ ಆ ಜಾಗ ಬೋಳಾಗಿ ಕಾಣುತ್ತದೆಂದು ಹಾಗೇ ಬಿಟ್ಟೆ. ಅದು ರಾಜನ ಎದೆಯಿಂದ ಹೊಟ್ಟೆಯವರೆಗೂ ಬಂತು.

ಸಂಜೆ ನಿಮ್ಮಪ್ಪ ಗೊಂಬೆಗಳ ಮುಂದೆ ನಿಂತು ಬಹಳ ಹೊತ್ತು ನೋಡಿದ.

“ಅಮ್ಮಾ, ರಾಜ ನನ್ನ ಅಂಗಿ ಹಾಕ್ಕೊಂಡಿದಾನೆ.”

“ನಿಂಗೆ ಚಿಕ್ಕದಾಗಿತ್ತಲ್ಲೋ.”

“ಅಂಗಿ ಚಿಕ್ಕದು. ಜೇಬು ಸರಿಯಾಗೇ ಇತ್ತು.”

ಅದೂ ನಿಜವೇ. ಮಖಮಲ್ಲಿನದು ರೆಡಿಮೇಡ್ ಅಂಗಿ. ಮಿಕ್ಕವನ್ನೆಲ್ಲ ನಾನೇ ಕೈಯಲ್ಲಿ ಹೊಲಿಯುತ್ತಿದ್ದೆ, ಜೇಬು ಇಡಲು ನನಗೆ ಬರುತ್ತಿರಲಿಲ್ಲ. ದರ್ಜಿಯ ಹತ್ತಿರ ಹೋಗಿ ಹಿಂದಿಯಲ್ಲಿ ಮಾತಾಡುವುದೆಂದರೆ ನಾಚಿಕೆ. ಹಾಗಾಗಿ ಅವನಿಗೆ ಇದ್ದದ್ದು ಅದೊಂದೇ ಜೇಬು.

“ಬಿಚ್ಚಿ ಕೊಡು,” ಎಂದು ಹಟ ಹಿಡಿದ.

“ಪಟ್ಟಕ್ಕೆ ಕೂರಿಸಿಯಾಯ್ತು ಕಣೋ. ವಿಜಯದಶಮಿವರೆಗೂ ಅಲುಗಿಸಬಾರದು.”

ಪೇಪರಿನ ಹಿಂದಿನಿಂದ ನಿಮ್ಮಜ್ಜ, “ಹೋಗ್ಲಿ ಬಿಡೋ, ಜೇಬಲ್ಲಿ ಏನಿಡ್ತೀಯೋ ಅದನ್ನ ರಾಜ ಕಾಯ್ತಾನೆ,” ಎಂದರು. ಅವರು ಹೇಳಿದ್ದು ತಮಾಷೆಗೆ. ನಿಮ್ಮಪ್ಪ ಅದನ್ನು ಅಪ್ಪಣೆ ಅಂದುಕೊಂಡ.

ಮರುದಿನದಿಂದ ಆರತಿಗೆ ಯಾರು ಬಂದರೂ ಗೊಂಬೆಗಳ ಪಕ್ಕ ಕಾವಲು ನಿಂತ. ಪಕ್ಕದ ಮನೆಯ ಮರಾಠಿ ಹೆಂಗಸರಿಗೆ, “ಮಾಝಾ ಶರ್ಟ್! ಮಾಝಾ ಖಿಸಾ!” ಎಂದು ಅವರ ಮಾತಿನಲ್ಲೇ ಸಾರಿದ, ನನ್ನ ಅಂಗಿ, ನನ್ನ ಜೇಬು ಎಂದು. ಅವರು ನಕ್ಕರು. ನಾನು ಕುಂಕುಮದ ಬಟ್ಟಲು ತರುವ ನೆಪದಲ್ಲಿ ಅಡುಗೆ ಕಟ್ಟೆಯ ಕಡೆ ಮುಖ ತಿರುಗಿಸಿದೆ.

ಸರಸ್ವತಿ ಪೂಜೆಯ ದಿನ ನಿಮ್ಮಜ್ಜನ ಆಫೀಸಿನ ಹಿರಿಯರೊಬ್ಬರ ಹೆಂಡತಿ ಬಂದರು. ಮಾಟುಂಗಾದಲ್ಲಿ ಅವರ ಮನೆಯ ಗೊಂಬೆಗಳೆಂದರೆ ದೊಡ್ಡ ಹೆಸರು. ಕನ್ನಡಕ ಹಾಕಿಕೊಂಡು ಬಗ್ಗಿದರು.

“ಏನಮ್ಮಾ, ನಿಮ್ಮ ಕಡೆ ರಾಜರಿಗೆ ಜೇಬು ಇಡೋ ಪದ್ಧತಿಯೋ?”

ಅವರು ಇನ್ನೂ ಬಗ್ಗಿದರು. ಜೇಬಿನಿಂದ ಇರುವೆಗಳ ಸಾಲೊಂದು ಹೊರಟು, ಸಿಂಹಾಸನ ಇಳಿದು, ಕೆಳಗಿಟ್ಟಿದ್ದ ಶೆಟ್ಟಿ ಗೊಂಬೆಯ ಪುಟ್ಟ ದಿನಸಿ ಅಂಗಡಿಯನ್ನು ಬಳಸಿ ನೆಲ ಮುಟ್ಟಿತ್ತು. ನಾನು ಕೈಹಾಕಿ ನೋಡಿದರೆ ಹಿಂದಿನ ದಿನದ ಕಡಲೆಕಾಳು ಉಸಲಿ, ಚೀಪಿ ಬಿಟ್ಟ ಪೆಪ್ಪರಮೆಂಟು, ಲೋಕಲ್ ರೈಲಿನ ಒಂದು ಹಳೇ ಟಿಕೆಟ್ಟು.

“ಅದೆಲ್ಲ ನನ್ನ ಸಾಮಾನು,” ಎಂದ ನಿಮ್ಮಪ್ಪ. “ನಾನು ರಾಜನ್ನ ಅಲುಗಿಸಿಲ್ಲ.”

“ಮತ್ತೆ ರಾಜನಿಗೇನು ಕೊಟ್ಟೆಯೋ?” ಎಂದು ಅವರು ಕೇಳಿದರು.

“ಇರುವೆ.”

ಆಕೆ ನಕ್ಕು ನಕ್ಕು ಟ್ರಂಕಿನ ಮೇಲೆ ಕೂತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಪಾಪ, ಮಗುವಿಗೆ ಒಂದು ಜೇಬು ಇಟ್ಟು ಕೊಡಬಾರದೇನಮ್ಮಾ?” ಎಂದರು. ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಗಿ, ಆಗಲಿ ಎಂದು ತಲೆಯಾಡಿಸಿದೆ.

ವಿಜಯದಶಮಿಯಂದು ರಾಜನನ್ನು ಮಲಗಿಸಿದ ಮೇಲೆ, ಬೋಳಾದರೆ ಆಗಲಿ ಎಂದು ಜೇಬು ಬಿಚ್ಚಿದೆ. ಅಂಚನ್ನು ಎಲ್ಲಿ ಮಡಿಸಿದ್ದಾರೆ, ಹೊಲಿಗೆ ಎಲ್ಲಿಂದ ಶುರುವಾಗಿದೆ ಎಂದು ತಿರುಗಿಸಿ ತಿರುಗಿಸಿ ನೋಡಿಕೊಂಡು, ಅವನ ನೀಲಿ ಚೌಕಳಿ ಅಂಗಿಗೆ ಕೂರಿಸಿದೆ. ಎಡಗಡೆ ಇರಬೇಕಾದದ್ದು ಬಲಗಡೆ ಕೂತಿತು, ಸೊಟ್ಟಗೂ ಕೂತಿತು. ನಿಮ್ಮಜ್ಜ ನೋಡಿ, “ಹಾಕಿದ್ದೆಲ್ಲ ಉದುರುತ್ತೆ ಕಣೇ,” ಎಂದರು.

ನಿಮ್ಮಪ್ಪ ಜೇಬಿನ ಮೇಲೆ ಬಲ ಅಂಗೈ ಒತ್ತಿಕೊಂಡು ಕಾರಿಡಾರಿನ ಉದ್ದಕ್ಕೂ ಓಡಾಡಿದ. “ಉದುರಲ್ಲ ಅಪ್ಪಾ,” ಎಂದ, “ನಾನು ಹಿಡ್ಕೊಂಡಿದೀನಲ್ಲ.” ಆ ದಿನ ಊಟಕ್ಕೂ ಆ ಕೈ ತೆಗೆಯಲಿಲ್ಲ, ನಾನೇ ತುತ್ತು ಮಾಡಿ ತಿನ್ನಿಸಬೇಕಾಯಿತು.